ಒಂದೇ ಎಲ್‌ವಿಎಂ3, ಹಲವು ದಾರಿ: ಕಾಗದವೋ, ಪೈಪೋ, ಪ್ರಿಂಟರೋ, ನೀರಿನ ಬಾಟಲಿಯೋ?

ಇಸ್ರೋದ ರಾಕೆಟ್ ಎಲ್‌ವಿಎಂ3ರ ಎತ್ತರ 43.5 ಮೀಟರ್. ಅದನ್ನು ನೂರರಲ್ಲೊಂದು ಪಾಲಿಗೆ ಇಳಿಸಿದರೆ 43.5 ಸೆಂಟಿಮೀಟರ್, ಪುಸ್ತಕದ ಕಪಾಟಿನಲ್ಲಿ ಒಂದು ಮೂಲೆ ತೆರವು ಮಾಡಿದರೆ ನಿಂತುಕೊಳ್ಳುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಹೋದದ್ದು ಇದೇ ರಾಕೆಟ್. ಹಾಗಾಗಿ ಮನೆಯಲ್ಲೊಂದು ರಾಕೆಟ್ ಮಾಡಬೇಕೆಂದು ಹೊರಡುವವರು ಮೊದಲು ಕೇಳುವುದೂ ಇದನ್ನೇ. ಮಾಡುವ ದಾರಿಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಷ್ಟು ಬೇರೆ. ಕಾಗದದಲ್ಲಿ ಮಾಡಿದವರಿಗೆ ಸಿಗುವ ಸುಖ ನೀರಿನ ರಾಕೆಟ್ ಹಾರಿಸಿದವರಿಗೆ ಸಿಗುವುದಿಲ್ಲ. ಪ್ರಿಂಟರ್ ಮುಂದೆ ಕೂತವರ ತಲೆನೋವು ಪೈಪು ಕೊಯ್ಯುವವರಿಗೆ ಗೊತ್ತೇ ಇರುವುದಿಲ್ಲ. ಹೋಲಿಸಲು ಅನುಕೂಲವಾಗಲಿ ಎಂದು ಇಲ್ಲಿ ಒಂದೇ ರಾಕೆಟನ್ನು ಎಲ್ಲ ದಾರಿಗಳಿಗೂ ಒಡ್ಡಲಾಗಿದೆ.

ಆರಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಈ ರಾಕೆಟ್ ಕಪಾಟಿನಲ್ಲಿ ನಿಲ್ಲಬೇಕೋ, ಮೈದಾನದಲ್ಲಿ ಹಾರಬೇಕೋ, ಅಥವಾ ಅದು ಕಕ್ಷೆಗೆ ಹೇಗೆ ಹೋಗುತ್ತದೆ ಎಂಬುದು ನಿಮಗೆ ಅರ್ಥವಾಗಬೇಕೋ? ಮೂರನ್ನೂ ಕೊಡುವ ಮಾದರಿ ಇಲ್ಲ. ಹಾರುವುದು ನೋಡಲು ನಿಜದ ಹಾಗಿರುವುದಿಲ್ಲ, ನಿಜದ ಹಾಗಿರುವುದು ಹಾರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಅಳತೆ ಮೊದಲು

1:100 ಅಳತೆಯನ್ನೇ ಹಿಡಿಯಿರಿ ಎನ್ನಲು ಕಾರಣಗಳಿವೆ. ಲೆಕ್ಕ ಬಾಯಲ್ಲೇ ಮುಗಿಯುತ್ತದೆ: ಒಂದು ಮೀಟರ್ ಎಂದರೆ ಒಂದು ಸೆಂಟಿಮೀಟರ್. ಕಟ್ಟಡಗಳ ಮಾದರಿ ಮಾಡುವವರು ಬಳಸುವ ಅಳತೆಯೂ ಇದೇ ಆದ್ದರಿಂದ 1.7 ಸೆಂಟಿಮೀಟರ್ ಎತ್ತರದ ಮನುಷ್ಯರ ಬೊಂಬೆಗಳು, ಮರಗಳು ಆರ್ಕಿಟೆಕ್ಚರ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ರಾಕೆಟ್ಟಿನ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿದ ಕೂಡಲೇ ನೋಡುವವರಿಗೆ ಗಾತ್ರ ತಟ್ಟುತ್ತದೆ. ಜೊತೆಗೆ ಬೇರೆ ರಾಕೆಟ್‌ಗಳನ್ನೂ ಇದೇ ಅಳತೆಯಲ್ಲಿ ಮಾಡಿ ಸಾಲಾಗಿ ನಿಲ್ಲಿಸಬಹುದು. ಪಿಎಸ್‌ಎಲ್‌ವಿ 44 ಸೆಂಟಿಮೀಟರ್ ಬರುತ್ತದೆ, ಅಂದರೆ ಎಲ್‌ವಿಎಂ3ಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು. ಆದರೆ ಅದರ ಒಡಲು ಬರೀ 28 ಮಿಲಿಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಎಲ್‌ವಿಎಂ3ನ್ನು ‘ಬಾಹುಬಲಿ’ ಎಂದು ಯಾಕೆ ಕರೆದರು ಎಂದು ಕಣ್ಣಿಗೆ ಕಾಣುವುದು.

ಬೇಕಾಗುವ ಮುಖ್ಯ ಸಂಖ್ಯೆಗಳು ಮೂರು. ನಡುವಿನ ಒಡಲು, ಅಂದರೆ ಕೆಳಗಿನ ಎಲ್110 ಮತ್ತು ಅದರ ಮೇಲಿನ ಸಿ25 ಎಂಬ ಎಂಜಿನ್ ಹಂತಗಳು, 4 ಮೀಟರ್ ಅಡ್ಡಗಲ, ಮಾದರಿಯಲ್ಲಿ 40 ಮಿ.ಮೀ. ತುದಿಯ ಹೀಟ್ ಶೀಲ್ಡ್, ಅಂದರೆ ಉಪಗ್ರಹವನ್ನು ಮುಚ್ಚುವ ಕವಚ, 5 ಮೀಟರ್, ಮಾದರಿಯಲ್ಲಿ 50 ಮಿ.ಮೀ. ಅಕ್ಕಪಕ್ಕದ ಎರಡು ಎಸ್200 ಬೂಸ್ಟರ್‌ಗಳು 3.2 ಮೀಟರ್, ಮಾದರಿಯಲ್ಲಿ 32 ಮಿ.ಮೀ.; ಉದ್ದ ಸುಮಾರು 26 ಸೆಂ.ಮೀ. ಉಳಿದ ಅಳತೆಗಳನ್ನು ಫೋಟೋದಿಂದ ತೆಗೆಯಿರಿ. ಪ್ರತಿ ಉಡಾವಣೆಗೂ ಇಸ್ರೋ ಪ್ರಕಟಿಸುವ ಕಿರುಹೊತ್ತಗೆಯಲ್ಲಿ ಪಕ್ಕದಿಂದ ನೋಡಿದ ಚಿತ್ರ ಇರುತ್ತದೆ. ಪರದೆಯ ಮೇಲೆ ನಡುವಿನ ಒಡಲಿನ ಅಗಲವನ್ನು ಅಳೆಯಿರಿ. ಅದು 4 ಮೀಟರ್ ಎಂದು ಗೊತ್ತಿರುವುದರಿಂದ ಬೇರೆ ಯಾವ ಭಾಗವನ್ನೂ ಅದೇ ಅನುಪಾತದಲ್ಲಿ ಲೆಕ್ಕ ಹಾಕಬಹುದು. ನೆಲದಲ್ಲಿ ನಿಂತು ಮೇಲಕ್ಕೆ ನೋಡಿ ತೆಗೆದ ಫೋಟೋಗಳನ್ನು ಇದಕ್ಕೆ ಬಳಸಬೇಡಿ, ತುದಿ ಕಿರಿದಾಗಿ ಕಂಡು ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಯಾವ ಹಾರಾಟದ ರಾಕೆಟ್ ಮಾಡುತ್ತಿದ್ದೀರಿ ಎಂದು ತೀರ್ಮಾನಿಸಿ ಕೆಲಸ ಶುರುಮಾಡಿ. 2014ರ ಡಿಸೆಂಬರ್ 18ರಂದು ಹಾರಿದ ಪ್ರಾಯೋಗಿಕ ವಾಹನಕ್ಕೂ 2017ರ ಜೂನ್ 5ರಂದು ಹಾರಿದ ಡಿ1 ಎಂಬ ವಾಹನಕ್ಕೂ ವ್ಯತ್ಯಾಸವಿದೆ: ಹೀಟ್ ಶೀಲ್ಡ್‌ನ ಆಕಾರ ಬದಲಾಯಿತು, ಬೂಸ್ಟರ್‌ಗಳ ಮೂತಿ ನೇರ ಶಂಕುವಿನಿಂದ ಒಳಕ್ಕೆ ವಾಲಿದ ಓರೆ ಶಂಕುವಾಯಿತು. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳಲ್ಲಿ ಎರಡೂ ಬೆರೆತಿರುತ್ತವೆ. ಚಂದ್ರಯಾನ-3 ಎಂದು ಹೆಸರು ಬರೆದು 2014ರ ಮೂತಿ ಅಂಟಿಸಿದರೆ ಬಲ್ಲವರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ಕಾಗದ: ಅಗ್ಗ ಮಾತ್ರವಲ್ಲ, ಒಳ್ಳೆಯ ಗುರು

ಕೊನೆಗೆ ಯಾವ ದಾರಿ ಹಿಡಿದರೂ ಮೊದಲ ರಾಕೆಟ್ ಕಾಗದದ್ದೇ ಆಗಿರಲಿ. ನಾಲ್ಕೈದು ಹಾಳೆ, ಒಂದು ಕಟರ್, ಸ್ಟೀಲ್ ಸ್ಕೇಲ್, ಫೆವಿಕಾಲ್ ಇದ್ದರೆ ಕೆಲಸ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಗದದಲ್ಲಿ ಬಿಡಿಸಿದ ನಕ್ಷೆಯೇ ಮುಂದೆ ಪೈಪಿಗೆ ಗುರುತು ಹಾಕಲು, ಮರ ಕಡೆಯುವವರಿಗೆ ತೋರಿಸಲು, ಕಂಪ್ಯೂಟರಿನಲ್ಲಿ ಆಕಾರ ಕಟ್ಟಲು ಆಧಾರ.

ಕೊಳವೆಗಳಿಗೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ದಪ್ಪದ ಲೆಕ್ಕ) ಹಾಳೆ ಹೊಂದುತ್ತದೆ. ಎಂಜಿನ್ನಿನ ಬೆಂಕಿ ಹೊರಬರುವ ನಾಝಲ್‌ನಂಥ ಸಣ್ಣ ಭಾಗಗಳಿಗೆ 120 ಸಾಕು, ದಪ್ಪ ಹಾಳೆಯನ್ನು ಅಷ್ಟು ಸಣ್ಣದಾಗಿ ಸುತ್ತಿದರೆ ಒಡೆಯುತ್ತದೆ. 40 ಮಿ.ಮೀ. ಕೊಳವೆಗೆ ಸುತ್ತಳತೆ 125.7 ಮಿ.ಮೀ., ಹೀಟ್ ಶೀಲ್ಡ್‌ಗೆ 157.1, ಬೂಸ್ಟರ್‌ಗೆ 100.5. ಅಂಚಿನಲ್ಲಿ 6 ಮಿ.ಮೀ. ಪಟ್ಟಿ ಬಿಟ್ಟು ಒಂದರ ಮೇಲೊಂದು ಅಂಟಿಸುವುದು ಸುಲಭ, ಆದರೆ ಉದ್ದಕ್ಕೂ ಏಣು ಎದ್ದು ಕಾಣುತ್ತದೆ. ಅದರ ಬದಲು ಅಂಚಿಗೆ ಅಂಚು ತಾಗಿಸಿ, ಒಳಗಡೆ 10 ಮಿ.ಮೀ. ಅಗಲದ ಬೇರೊಂದು ಪಟ್ಟಿ ಅಂಟಿಸಿ. ಬೂಸ್ಟರ್‌ನ 26 ಸೆಂ.ಮೀ. ಉದ್ದ ಎ4 ಹಾಳೆಯ 29.7ರಲ್ಲಿ ಆರಾಮಾಗಿ ಹಿಡಿಯುತ್ತದೆ. ಎರಡು ಬೂಸ್ಟರ್‌ಗಳನ್ನು ಒಂದೇ ಹಾಳೆಯಲ್ಲಿ ಕೂರಿಸಲು ಮಾತ್ರ ಹೋಗಬೇಡಿ: 201 ಮಿ.ಮೀ. ಬೇಕು, ಹಾಳೆ 210 ಇದ್ದರೂ ಪ್ರಿಂಟರ್ ಎರಡೂ ಬದಿ ಬಿಡುವ ಅಂಚು ಕಳೆದರೆ ಸಾಲುವುದಿಲ್ಲ. ನಡುವಿನ ಒಡಲು ಒಂದು ಹಾಳೆಯ ಉದ್ದಕ್ಕೆ ಮುಗಿಯುವುದಿಲ್ಲ. ಎಲ್110 ಮುಗಿದು ಸಿ25 ಶುರುವಾಗುವಲ್ಲಿ ಬೇರ್ಪಡಿಸಿದರೆ ನಿಜದ ರಾಕೆಟ್ಟಿನ ಜೋಡಣೆಯ ಗೆರೆಯೇ ನಿಮ್ಮ ಜೋಡಣೆಯನ್ನೂ ಮರೆಮಾಡುತ್ತದೆ.

ಕಾಗದಕ್ಕೂ ನಾರಿನ ದಿಕ್ಕಿರುತ್ತದೆ. ಅಂಗಡಿಯ ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಅದು ಉದ್ದದ ಬದಿಗೆ ಸಮನಾಗಿ ಓಡುತ್ತದೆ. ಕೊಳವೆಯೂ ಅದೇ ಉದ್ದಕ್ಕೆ ನಿಂತರೆ ಹಾಳೆ ತಾನಾಗಿ ಸುತ್ತಿಕೊಳ್ಳುತ್ತದೆ. ಅಡ್ಡಕ್ಕೆ ಸುತ್ತಿದರೆ ಮಡಿಕೆ ಮಡಿಕೆಯಾಗಿ ಮುರಿಯುತ್ತದೆ. ಅಂಟಿಸುವ ಮುನ್ನ ಮೇಜಿನ ಅಂಚಿಗೆ ಒತ್ತಿ ಎಳೆದು ಬಾಗು ಬರಿಸಿಕೊಳ್ಳಿ. ಒಳಗೆ ಪ್ರತಿ 5 ಸೆಂಟಿಮೀಟರಿಗೆ ಒಂದರಂತೆ 2 ಮಿ.ಮೀ. ಮಿಲ್‌ಬೋರ್ಡಿನ ಬಿಲ್ಲೆ ಕೂರಿಸಿ. ಕಾಗದದ ದಪ್ಪ ಎರಡೂ ಬದಿಯಿಂದ ಕಳೆಯಬೇಕು, ಹಾಗಾಗಿ ಬಿಲ್ಲೆಯ ಅಡ್ಡಗಲ 40 ಅಲ್ಲ, 39.4. ಈ ಬಿಲ್ಲೆಗಳಿಲ್ಲದ ಕೊಳವೆ ಮೊದಲ ಮಳೆಗಾಲದಲ್ಲೇ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಅತಿ ಹೆಚ್ಚು ಮಂದಿ ಎಡವುವುದು ಪ್ರಿಂಟ್ ಕೊಡುವಾಗ. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತಾನಾಗಿ ಗುರುತಾಗಿರುತ್ತದೆ; ಅದು ಚಿತ್ರವನ್ನು ಶೇಕಡಾ ಮೂರು ನಾಲ್ಕರಷ್ಟು ಕುಗ್ಗಿಸುತ್ತದೆ. 40 ಮಿ.ಮೀ. ಕೊಳವೆ 38.6ಕ್ಕೆ ಇಳಿದು ಒಂದು ಬಿಲ್ಲೆಯೂ ಒಳಗೆ ಹೋಗುವುದಿಲ್ಲ, ತಪ್ಪು ಎಲ್ಲಿ ಆಯಿತೆಂದು ಹುಡುಕುವುದರಲ್ಲಿ ಒಂದು ದಿನ ಹೋಗುತ್ತದೆ. ನಕ್ಷೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಡಿ, ಪ್ರಿಂಟ್ ಬಂದ ಕೂಡಲೇ ಅದನ್ನು ಅಳೆಯಿರಿ. ಇಂಕ್‌ಜೆಟ್ ಬಣ್ಣ ಅಂಟಿನ ತೇವಕ್ಕೆ ಹರಡುತ್ತದೆ, ಕೊಯ್ಯುವ ಮುನ್ನವೇ ಮ್ಯಾಟ್ ಕ್ಲಿಯರ್ ಸ್ಪ್ರೇ ಹೊಡೆಯಿರಿ. ಲೇಸರ್ ಪ್ರಿಂಟ್ ಹರಡುವುದಿಲ್ಲ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಡಿಸುವ ಗೆರೆಯ ಮೇಲೆ ಇಂಕು ಮುಗಿದ ಬಾಲ್ ಪೆನ್ನಿನಿಂದ ಗೀರಿಕೊಂಡರೆ ಬಿರುಕು ಕಡಿಮೆ. ಫೆವಿಕಾಲ್‌ಗೆ ನೀರು ಬೆರೆಸಬೇಡಿ. ಹಲ್ಲುಕಡ್ಡಿಯಲ್ಲಿ ತೆಳ್ಳಗೆ ಸವರಿ, ಅರ್ಧ ನಿಮಿಷ ಬಿಟ್ಟು ಒತ್ತಿ.

ಶಂಕುಗಳಿಗೆ ಲೆಕ್ಕ ಬೇಕು. ಬುಡದ ತ್ರಿಜ್ಯ 16, ಎತ್ತರ 40 ಮಿ.ಮೀ. ಇರುವ ನೇರ ಶಂಕುವಿನ ಓರೆ ಉದ್ದ 43.1. ಅಷ್ಟು ತ್ರಿಜ್ಯದ ವೃತ್ತದಲ್ಲಿ 360ನ್ನು 16ರಿಂದ ಗುಣಿಸಿ 43.1ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 134 ಡಿಗ್ರಿಯ ತುಂಡು ಕತ್ತರಿಸಿ ಸುತ್ತಿದರೆ ಶಂಕು ತಯಾರು. 50ರ ಹೀಟ್ ಶೀಲ್ಡ್ 40ರ ಒಡಲಿಗೆ ಇಳಿಯುವ ಕತ್ತಿನ ಭಾಗಕ್ಕೆ 10 ಮಿ.ಮೀ. ಎತ್ತರ ಹಿಡಿದರೆ ಹೊರ ಕಮಾನು 55.9, ಒಳ ಕಮಾನು 44.7, ಕೋನ 161 ಡಿಗ್ರಿ. ಈಗಿನ ಬೂಸ್ಟರ್‌ನ ಓರೆ ಮೂತಿಗೆ ಈ ಸೂತ್ರ ನಡೆಯುವುದಿಲ್ಲ. ಬುಡದ ವೃತ್ತವನ್ನು 12 ಪಾಲು ಮಾಡಿ, ಪ್ರತಿ ಬಿಂದುವಿನಿಂದ ತುದಿಯವರೆಗಿನ ಉದ್ದವನ್ನು ಬೇರೆ ಬೇರೆ ಕಂಡುಹಿಡಿದು, ತ್ರಿಕೋನಗಳನ್ನು ಒಂದರ ಪಕ್ಕ ಒಂದು ಬಿಡಿಸಬೇಕು. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಇಲ್ಲಿ ಕೈಗೆ ಬರುತ್ತದೆ. ಹೀಟ್ ಶೀಲ್ಡ್‌ನ ಉಬ್ಬಿದ ಮೂತಿಗೆ 12 ಎಸಳು. ಬುಡದಲ್ಲಿ ಒಂದೊಂದೂ 13.1 ಮಿ.ಮೀ. ಅಗಲ. ಇದು ಕಾಗದದ ಕೆಲಸದಲ್ಲೇ ಕಷ್ಟದ ಭಾಗ, ಎರಡು ಮೂರು ಸಲ ಮಾಡಿ ಬಿಸಾಡುವುದಕ್ಕೆ ತಯಾರಿರಿ.

ಪೈಪು: ಈ ರಾಕೆಟ್ಟಿಗೆ ಹೇಳಿ ಮಾಡಿಸಿದ ಹಾಗೆ

ನಮ್ಮಲ್ಲಿ ನೀರಾವರಿಗೆ, ಕೊಳಾಯಿಗೆ ಬಳಸುವ ಗಟ್ಟಿ ಪಿವಿಸಿ ಪೈಪುಗಳ ಗಾತ್ರವನ್ನು ಭಾರತೀಯ ಮಾನಕ 4985ರ ಪ್ರಕಾರ ಹೊರಗಿನ ಅಡ್ಡಗಲದಿಂದ ಹೇಳುತ್ತಾರೆ: 20, 25, 32, 40, 50, 63 ಮಿ.ಮೀ. ಹೀಗೆ. ಮತ್ತೊಮ್ಮೆ ನಮ್ಮ ಮೂರು ಸಂಖ್ಯೆಗಳನ್ನು ನೋಡಿ: 32, 40, 50. ಬೂಸ್ಟರ್, ಒಡಲು, ಹೀಟ್ ಶೀಲ್ಡ್, ಮೂರೂ ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ನಿಂತಿವೆ. ಪಿಎಸ್‌ಎಲ್‌ವಿಗೆ ಈ ಭಾಗ್ಯವಿಲ್ಲ, 28 ಮಿ.ಮೀ. ಪೈಪು ಈ ಪಟ್ಟಿಯಲ್ಲಿಲ್ಲ. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಒಡಲು 2 ಮೀಟರ್, ಎತ್ತರ 34 ಮೀಟರ್. ಅದಕ್ಕೆ 20ರ ಪೈಪು. ಬೂಸ್ಟರ್ ಜೋಡಿಸುವ ತಾಪತ್ರಯ ಇಲ್ಲದ ಕಾರಣ ಪೈಪಿನಲ್ಲಿ ಕೈ ಪಳಗಿಸಲು ಅದು ಒಳ್ಳೆಯ ಆರಂಭ.

ಅಂಗಡಿಯಲ್ಲಿ ಎಚ್ಚರವಾಗಿರಬೇಕು. ‘ಒಂದಿಂಚು’, ‘ಒಂದೂವರೆ ಇಂಚು’ ಎಂದು ಕೇಳಿದರೆ ಮನೆಯೊಳಗಿನ ಪ್ಲಂಬಿಂಗ್ ಪೈಪು ಕೊಡುತ್ತಾರೆ. ಅವುಗಳ ಹೊರ ಅಡ್ಡಗಲ 33.4, 48.3 ಹೀಗೆ ಬೇರೆಯೇ. ಮಿಲಿಮೀಟರ್ ಲೆಕ್ಕದ ಪೈಪನ್ನೇ ಕೇಳಿ, ಕ್ಯಾಲಿಪರ್ ಜೇಬಿನಲ್ಲಿ ಒಯ್ದು ಅಲ್ಲೇ ಅಳೆಯಿರಿ. ತೆಳುಗೋಡೆಯದ್ದನ್ನು ಆರಿಸಿ, ಗರಗಸಕ್ಕೂ ಹಗುರ, ಕೈಗೂ ಹಗುರ. ಪೂರ್ತಿ ಉದ್ದದ ಪೈಪು ಬೇಕಾಗಿಲ್ಲ, ಪ್ಲಂಬರ್ ಕೆಲಸ ಮುಗಿದ ಮನೆಗಳಲ್ಲಿ ತುಂಡುಗಳು ಬಿದ್ದಿರುತ್ತವೆ.

ಕೊಯ್ಯುವಾಗ ಪೈಪಿನ ಸುತ್ತ ಕಾಗದದ ಪಟ್ಟಿಯೊಂದನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ, ಅದರ ಅಂಚಿನಗುಂಟ ಗೆರೆ ಎಳೆಯಿರಿ. ಹ್ಯಾಕ್ಸಾ ಬ್ಲೇಡನ್ನು ಒಂದೇ ಬದಿಯಿಂದ ಇಳಿಸಬೇಡಿ. ಪೈಪನ್ನು ತಿರುಗಿಸುತ್ತಾ ಗೆರೆಯ ಮೇಲೆ ಸುತ್ತಲೂ ಗಾಯ ಮಾಡಿಕೊಂಡು ಆಮೇಲೆ ಪೂರ್ತಿ ಕೊಯ್ಯಿರಿ. ಇಲ್ಲದಿದ್ದರೆ ತುದಿ ಓರೆಯಾಗಿ, ನಿಲ್ಲಿಸಿದ ರಾಕೆಟ್ ಪೀಸಾ ಗೋಪುರದ ಹಾಗೆ ವಾಲುತ್ತದೆ.

ಮೂರು ಪೈಪುಗಳನ್ನು ಜೋಡಿಸುವಾಗ ಆಗುವ ತಪ್ಪು ಒಂದೇ, ಎಲ್ಲರಿಗೂ ಆಗುವಂಥದ್ದು. ಮೂರನ್ನೂ ಹಲಗೆಯ ಮೇಲೆ ಮಲಗಿಸಿ ಅಂಟು ಹಾಕುತ್ತಾರೆ. ನಡುವಿನ ಪೈಪಿನ ಮಧ್ಯರೇಖೆ ಹಲಗೆಯಿಂದ 20 ಮಿ.ಮೀ. ಮೇಲಿರುತ್ತದೆ, ಬೂಸ್ಟರ್‌ನದ್ದು 16. ಒಣಗಿದ ಮೇಲೆ ಎತ್ತಿ ನೋಡಿದರೆ ಎರಡೂ ಬೂಸ್ಟರ್‌ಗಳು ಬೆನ್ನಿಗೆ ಸರಿದಿರುತ್ತವೆ. ಬೂಸ್ಟರ್‌ಗಳ ಕೆಳಗೆ 4 ಮಿ.ಮೀ. ಪ್ಲೈವುಡ್ ಪಟ್ಟಿ ಇಟ್ಟರೆ ಮೂರರ ಮಧ್ಯರೇಖೆಯೂ ಒಂದೇ ಸಮಕ್ಕೆ ಬರುತ್ತದೆ. ಹೀಟ್ ಶೀಲ್ಡ್ ಇನ್ನೂ ದಪ್ಪ, ಆದ್ದರಿಂದ ಅದನ್ನು ಕೊನೆಗೆ ಜೋಡಿಸಿ, ಇಲ್ಲವೇ ಹಲಗೆಯ ಅಂಚಿನಿಂದ ಆಚೆ ಬಿಡಿ. ಬರೀ ಫೆವಿಕ್ವಿಕ್ ನಂಬಬೇಡಿ. ಎರಡು ಕಡೆ 3 ಮಿ.ಮೀ. ರಂಧ್ರ ಕೊರೆದು ಸಣ್ಣ ಬೋಲ್ಟ್ ಹಾಕಿ, ಸುತ್ತ ಅರಾಲ್ಡೈಟ್ ತುಂಬಿ. ಫೆವಿಕ್ವಿಕ್‌ನ ಹೊಗೆ ಹತ್ತಿರದ ಬಣ್ಣದ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ, ಬಣ್ಣ ಹೊಡೆದ ಮೇಲಂತೂ ಅದನ್ನು ಮುಟ್ಟಬಾರದು.

ಮೂತಿಗಳಿಗೆ ಮರ. ಚನ್ನಪಟ್ಟಣದ ಬೊಂಬೆ ಮಾಡುವವರು ಹಾಲೆ ಮರವನ್ನು ಲೇತಿನಲ್ಲಿ ಕಡೆಯುವುದನ್ನು ನೋಡಿದವರಿಗೆ ಹೀಟ್ ಶೀಲ್ಡ್‌ನ ಆಕಾರ ಅವರ ಕೈಗೆ ಎಷ್ಟು ಸಲೀಸು ಎಂದು ಗೊತ್ತಾಗುತ್ತದೆ. ಬಾಯಲ್ಲಿ ಹೇಳಿ ಮಾಡಿಸಲು ಹೋಗಬೇಡಿ. ಕಾಗದದ ನಕ್ಷೆಯಿಂದ ಅರ್ಧ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಕೊಡಿ. ಕಡೆಯುತ್ತಾ ಅದನ್ನು ಒತ್ತಿ ನೋಡಿದರೆ ಸಾಕು. ಬುಡದಲ್ಲಿ ಪೈಪಿನೊಳಗೆ ಹೋಗುವಂತೆ 15 ಮಿ.ಮೀ. ಉದ್ದದ ಗೂಟವೂ ಇರಲಿ. ಬೂಸ್ಟರ್‌ಗಳ ಓರೆ ಮೂತಿ ಲೇತಿನಲ್ಲಿ ಆಗದು, ಅದು ಸುತ್ತಲೂ ಸಮವಲ್ಲ. ನೇರ ಶಂಕು ಕಡೆಸಿ, ಹೊರಬದಿಯನ್ನು ಉಜ್ಜಿ, ಒಳಬದಿಗೆ ಎಂ-ಸೀಲ್ ಮೆತ್ತಿ ಆಕಾರ ತರಬೇಕು.

ಪಿವಿಸಿಯ ಮೇಲೆ ನೇರವಾಗಿ ಬಣ್ಣ ಹೊಡೆದರೆ ತಿಂಗಳೊಳಗೆ ಸಿಪ್ಪೆಯಾಗಿ ಏಳುತ್ತದೆ. ಮೇಲ್ಮೈ ತೀರಾ ನುಣುಪು, ಅದರ ಮೇಲೆ ಕಾರ್ಖಾನೆಯ ಜಿಡ್ಡೂ ಇರುತ್ತದೆ. 220 ನಂಬರ್ ಪಾಲಿಶ್ ಪೇಪರಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಬಿಳಿ. 25ರಿಂದ 30 ಸೆಂ.ಮೀ. ದೂರದಿಂದ ತೆಳುವಾಗಿ ಮೂರು ನಾಲ್ಕು ಸಲ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಮಳೆ ಬರುವ ದಿನ ಸ್ಪ್ರೇ ಹಿಡಿಯಬೇಡಿ, ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಹಾಲಿನಂತೆ ಮಬ್ಬಾಗುತ್ತದೆ.

3ಡಿ ಪ್ರಿಂಟರ್: ಇದ್ದವರಿಗೆ, ಬೇಕಾದಷ್ಟಕ್ಕೆ

ಪ್ರಿಂಟರ್ ಈಗಾಗಲೇ ಮನೆಯಲ್ಲೋ ಕಾಲೇಜಿನಲ್ಲೋ ಇದ್ದರೆ ಸರಿ. ಒಂದು ರಾಕೆಟ್ಟಿಗಾಗಿ ಕೊಳ್ಳುವುದು ಬೇಡ. ಗೋಡೆ 1.2 ಮಿ.ಮೀ. ದಪ್ಪ ಇಟ್ಟರೆ ಇಡೀ ಎಲ್‌ವಿಎಂ3ರ ಕೊಳವೆಗಳಿಗೆ ಸುಮಾರು 160 ಗ್ರಾಂ ಪಿಎಲ್‌ಎ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್) ಸಾಕು, ಖರ್ಚು ಅದರದ್ದಲ್ಲ. ಸಮಯದ್ದು, ಉಜ್ಜುವ ಕೆಲಸದ್ದು. ಸಾಮಾನ್ಯ ಮನೆಬಳಕೆಯ ಯಂತ್ರಗಳ ಎತ್ತರದ ಮಿತಿ 250 ಮಿ.ಮೀ. ಆಸುಪಾಸು, ಬೂಸ್ಟರ್ 260. ಎಲ್ಲಿ ತುಂಡು ಮಾಡಬೇಕು? ನಿಜವಾದ ಎಸ್200 ಮೂರು ತುಂಡುಗಳನ್ನು ಜೋಡಿಸಿ ಮಾಡಿದ್ದು. ಫೋಟೋದಲ್ಲಿ ಆ ಜೋಡಣೆಯ ಗೆರೆ ಹುಡುಕಿ ಅಲ್ಲೇ ಕತ್ತರಿಸಿದರೆ ಮರೆಮಾಚುವ ಕೆಲಸವೇ ಇಲ್ಲ. ಒಂದರೊಳಗೊಂದು ಕೂರುವ ತುಟಿಗೆ ಪ್ರತಿ ಬದಿ 0.2 ಮಿ.ಮೀ. ಸಡಿಲ ಬಿಡಿ.

ಪದರದ ಗೆರೆಗಳು ಬಿಳಿ ರಾಕೆಟ್ಟಿನಲ್ಲಿ ಬಹಳ ಎದ್ದು ಕಾಣುತ್ತವೆ. 0.12 ಮಿ.ಮೀ. ಪದರ ಇಟ್ಟರೂ ಫಿಲ್ಲರ್ ಪ್ರೈಮರ್ ಎರಡು ಮೂರು ಸಲ ಹೊಡೆದು, ನಡುನಡುವೆ 220, 400 ನಂಬರಿನಲ್ಲಿ ಉಜ್ಜದೆ ವಿಧಿಯಿಲ್ಲ. ಉದ್ದದ ಕೊಳವೆಗೆ ಇಷ್ಟು ಪಾಡು ಪಡುವುದಕ್ಕಿಂತ ಅಂಗಡಿಯ ಪೈಪೇ ಮೇಲು, ಅದು ಮೊದಲೇ ನುಣುಪಾಗಿದೆ. ಪ್ರಿಂಟರ್ ಮೆರೆಯುವುದು ಸಣ್ಣ ಕೆಲಸಗಳಲ್ಲಿ: ಓರೆ ಮೂತಿ, ಎಲ್110ರ ವಿಕಾಸ್ ಎಂಜಿನ್ನಿನ ನಾಝಲ್, ಬೂಸ್ಟರನ್ನು ಒಡಲಿಗೆ ಕಟ್ಟುವ ಕೊಂಡಿ. ಕರಾವಳಿಯವರಿಗೆ ಒಂದು ಸೂಚನೆ: ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದಿಟ್ಟ ಪಿಎಲ್‌ಎ ಸುರುಳಿ ತೇವ ಹೀರುತ್ತದೆ, ಪ್ರಿಂಟ್ ಮಾಡುವಾಗ ಚಿಟಿಚಿಟಿ ಸದ್ದಾಗಿ ಕೂದಲೆಳೆಗಳು ಬರುತ್ತವೆ. 45ರಿಂದ 50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ. ಮುಗಿದ ಮಾದರಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ.

ಕಿಟ್ ಕೊಳ್ಳುವುದಾದರೆ

ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಪ್ಲಾಸ್ಟಿಕ್ ಕಿಟ್‌ಗಳು ಹೆಚ್ಚಾಗಿ ಅಮೆರಿಕದ ರಾಕೆಟ್‌ಗಳದ್ದು, ಅದರಲ್ಲೂ ಸ್ಯಾಟರ್ನ್ 5. 110.6 ಮೀಟರಿನ ಆ ರಾಕೆಟ್ 1:144ರಲ್ಲಿ ಸುಮಾರು 77 ಸೆಂ.ಮೀ., 1:96ರಲ್ಲಿ 115 ಸೆಂ.ಮೀ. ಲೆಗೊ 2017ರಲ್ಲಿ ತಂದ ಸ್ಯಾಟರ್ನ್ 5ರಲ್ಲಿ 1969 ತುಂಡುಗಳು, ಮನುಷ್ಯ ಚಂದ್ರನ ಮೇಲಿಳಿದ ವರ್ಷದ ಸಂಖ್ಯೆಯೇ. ಎತ್ತರ ಒಂದು ಮೀಟರ್. ಅಂಟು, ಬಣ್ಣ ಬೇಡ, ಮಕ್ಕಳ ಜೊತೆ ಕೂತು ಕಟ್ಟಬಹುದು. ಕೊಳ್ಳುವ ಮುನ್ನ ಇಡುವ ಜಾಗದ ಎತ್ತರ ಅಳೆಯಿರಿ. ಹಳೆಯ ಅಚ್ಚಿನ ಪ್ಲಾಸ್ಟಿಕ್ ಕಿಟ್ ಆದರೆ ಬಣ್ಣದ ಸೂಚನೆಯನ್ನು ಕಣ್ಣುಮುಚ್ಚಿ ನಂಬಬೇಡಿ: ಉಡಾವಣಾ ಕಟ್ಟೆಯಲ್ಲಿ ತಾಲೀಮಿಗೆ ಬಳಸಿದ, ಎಂದೂ ಹಾರದ 500ಎಫ್ ವಾಹನದ ಪಟ್ಟೆಗಳು ಹಲವು ಕಿಟ್‌ಗಳಲ್ಲಿ ಉಳಿದುಕೊಂಡಿವೆ. ಅದರಲ್ಲಿ ಮೊದಲ ಹಂತದ ಎರಡು ಟ್ಯಾಂಕುಗಳ ನಡುವೆ ಕಪ್ಪು ಬಣ್ಣವಿತ್ತು, ಹಾರಿದ ರಾಕೆಟ್‌ಗಳಲ್ಲಿ ಅದೇ ಜಾಗ ಬಿಳಿ. ಡೆಕಾಲ್ (ಅಕ್ಷರ, ಗುರುತುಗಳ ತೆಳು ಸ್ಟಿಕ್ಕರ್) ಅಂಟಿಸುವ ಮುನ್ನ ಹೊಳಪಿನ ಕ್ಲಿಯರ್ ಹೊಡೆಯಿರಿ. ಒರಟು ಬಣ್ಣದ ಮೇಲೆ ಕೂರಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ.

ಹಾರಬೇಕು ಎನ್ನುವವರಿಗೆ

ಮೊದಲು ಒಂದು ನಿಷೇಧ. ಮನೆಯಲ್ಲಿ ಮದ್ದು ಅರೆದು ರಾಕೆಟ್ ಮೋಟಾರ್ ಮಾಡುವುದು ಬೇಡ, ಪಟಾಕಿ ಬಿಚ್ಚಿ ಪುಡಿ ತೆಗೆಯುವುದೂ ಬೇಡ. 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಅದು ಅಪರಾಧ; ಅದಕ್ಕೂ ಮೊದಲು ಕೈಬೆರಳು, ಕಣ್ಣಿನ ಪ್ರಶ್ನೆ. ನೀರಿನ ರಾಕೆಟ್ ಸಾಕಷ್ಟು ರೋಚಕವಾಗಿಯೇ ಇದೆ.

2 ಲೀಟರಿನ ಸೋಡಾ ಬಾಟಲಿಯ ಅಡ್ಡಗಲ ಸುಮಾರು 110 ಮಿ.ಮೀ. ಅದನ್ನು ಎಲ್‌ವಿಎಂ3ರ ಒಡಲೆಂದು ಹಿಡಿದರೆ ಅಳತೆ 1:36, ಪೂರ್ತಿ ಎತ್ತರ 1.2 ಮೀಟರ್. ಮಾಡಬಹುದೇ? ಮಾಡಬಹುದು, ಆದರೆ ಹಾಗೆಯೇ ಹಾರಿಸಿದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ನಿಜವಾದ ಎಲ್‌ವಿಎಂ3ಕ್ಕೆ ರೆಕ್ಕೆಗಳಿಲ್ಲ. ನಾಝಲ್‌ಗಳನ್ನೇ ಕ್ಷಣಕ್ಷಣಕ್ಕೂ ಅಲುಗಿಸಿ ಅದು ದಿಕ್ಕು ಹಿಡಿಯುತ್ತದೆ. ಬಾಟಲಿಗೆ ಆ ಬುದ್ಧಿ ಇಲ್ಲ. ತುದಿಯ ದಪ್ಪ ಹೀಟ್ ಶೀಲ್ಡ್ ಗಾಳಿಯ ಒತ್ತಡದ ಕೇಂದ್ರವನ್ನು ಇನ್ನೂ ಮುಂದಕ್ಕೆ ಎಳೆದು ಪರಿಸ್ಥಿತಿ ಕೆಡಿಸುತ್ತದೆ. ಭಾರದ ಕೇಂದ್ರ, ಒತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ಬಾಟಲಿಯ ಅಡ್ಡಗಲದಷ್ಟು ಮುಂದಿರಬೇಕು. ಮೂತಿಯೊಳಗೆ 50ರಿಂದ 80 ಗ್ರಾಂ ಜೇಡಿಮಣ್ಣು ಇಡಿ, ಬುಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೂರು ನಾಲ್ಕು ದೊಡ್ಡ ರೆಕ್ಕೆ ಅಂಟಿಸಿ. ದೂರದಿಂದ ಅವು ಕಾಣುವುದಿಲ್ಲ. ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಕೇಂದ್ರಗಳನ್ನು ಲೆಕ್ಕ ಹಾಕಬಹುದು. ಹಾರಿಸುವ ಮುನ್ನ ನೀರಿಲ್ಲದ ರಾಕೆಟ್ಟಿನ ಭಾರದ ಕೇಂದ್ರಕ್ಕೆ ಎರಡು ಮೀಟರ್ ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ, ಅಡ್ಡ ತಿರುಗಿದರೆ ಮಣ್ಣು ಹೆಚ್ಚಿಸಿ.

ಬಾಟಲಿ ಸೋಡಾದ್ದೇ ಆಗಬೇಕು. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಡೆಯುವುದಿಲ್ಲ. ಬಿಸಿ ಅಂಟಿನ ಗನ್ ಬಾಟಲಿಯನ್ನು ಮೆತ್ತಗಾಗಿಸುತ್ತದೆ, ಫೆವಿಕ್ವಿಕ್ ಪೆಡಸಾಗಿಸುತ್ತದೆ. ಸಿಲಿಕೋನ್ ಅಂಟು ಅಥವಾ ಟೇಪ್ ಬಳಸಿ. ಬಾಟಲಿಯ ಬಾಯಿ ಸುಮಾರು 21.7 ಮಿ.ಮೀ. ಇಲ್ಲಿ ಇಂಚಿನ ಪೈಪೇ ಬೇಕು: ಅರ್ಧ ಇಂಚಿನ ಯುಪಿವಿಸಿಯ ಹೊರ ಅಡ್ಡಗಲ 21.3, ಒಂದು ಒ-ರಿಂಗ್ (ರಬ್ಬರಿನ ಉಂಗುರ) ಸೇರಿಸಿದರೆ ಬಿಗಿಯಾಗಿ ಕೂರುತ್ತದೆ. ಮಿಲಿಮೀಟರ್ ಲೆಕ್ಕದ 20ರ ಪೈಪು ಸಡಿಲ. ಪೈಪಿನ ಸುತ್ತ ಹತ್ತು ಹನ್ನೆರಡು ಕೇಬಲ್ ಟೈಗಳನ್ನು ತಲೆ ಮೇಲಾಗಿ ಕಟ್ಟಿ, ತಲೆಗಳು ಬಾಟಲಿಯ ಕೊರಳಪಟ್ಟಿಯನ್ನು ಹಿಡಿಯುವಂತೆ ಹೊಂದಿಸಿ. ಮೇಲೆ ಅಗಲ ಪೈಪಿನ ತುಂಡೊಂದನ್ನು ಬಳೆಯಂತೆ ಇಳಿಸಿದರೆ ಬಿಗಿ, ದಾರ ಎಳೆದು ಬಳೆ ಜಾರಿಸಿದರೆ ಬಿಡುಗಡೆ. ಇನ್ನೊಂದು ತುದಿಯ ಮುಚ್ಚಳಕ್ಕೆ 11.5 ಮಿ.ಮೀ. ರಂಧ್ರ ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಎಳೆದು ಕೂರಿಸಿ. ಬಿಸಿಲಲ್ಲಿ ಬಿದ್ದು ಬಣ್ಣಗೆಟ್ಟ ಪೈಪು ಬೇಡ, ಒತ್ತಡಕ್ಕೆ ಚೂರಾಗುತ್ತದೆ.

ನೀರು ಬಾಟಲಿಯ ಮೂರನೇ ಒಂದು ಪಾಲು. ಹೆಚ್ಚು ತುಂಬಿದರೆ ತಳ್ಳುವ ಗಾಳಿಗೆ ಜಾಗವಿಲ್ಲ, ಕಡಿಮೆಯಾದರೆ ಹಿಂದಕ್ಕೆ ಎಸೆಯಲು ತೂಕವಿಲ್ಲ. ಮಾಪಕವಿರುವ ಪಂಪಿನಲ್ಲಿ 40ರಿಂದ 50 ಪಿಎಸ್‌ಐ ಸಾಕು. ಹೊಸ ಬಾಟಲಿಯನ್ನು ಮೊದಲು ಬಾಯಿ ತನಕ ನೀರು ತುಂಬಿ, ಹಾರಿಸುವುದಕ್ಕಿಂತ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿ ಪರೀಕ್ಷಿಸಿ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಒಡೆದರೂ ಸಿಡಿಯುವುದಿಲ್ಲ. ಮಡಿಕೆಯ ಬಿಳಿ ಗೆರೆ ಕಂಡ ಬಾಟಲಿಯನ್ನು ಬಿಸಾಡಿ. ದಾರ ಉದ್ದವಿರಲಿ, ಎಲ್ಲರೂ ಹತ್ತು ಮೀಟರ್ ಆಚೆ, ವಿಮಾನ ನಿಲ್ದಾಣದ ಸುತ್ತಮುತ್ತ ಬೇಡ.

ಪರದೆಯ ಮೇಲೆ

ಕಕ್ಷೆ ಎಂದರೇನು ಎಂದು ಮೈಗೆ ಹತ್ತಬೇಕಾದರೆ ಆಟವೇ ಬೇಕು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಮತ್ತು ಆರ್ಬಿಟರ್ ಎಂಬ ಎರಡು ಕಂಪ್ಯೂಟರ್ ಆಟಗಳಿವೆ, ಎರಡರ ಸ್ವಭಾವ ಬೇರೆ. ಆರ್ಬಿಟರ್ ಉಚಿತ, 2021ರಿಂದ ಮುಕ್ತ ತಂತ್ರಾಂಶ, ನಿಜವಾದ ಸೌರವ್ಯೂಹ. ಆದರೆ ಅದು ಕೊಟ್ಟ ನೌಕೆಯನ್ನು ನಡೆಸುವುದು, ಕಲಿಯಲು ತಾಳ್ಮೆ ಬೇಕು. ಕರ್ಬಲ್‌ನಲ್ಲಿ ನೀವೇ ಕಟ್ಟುತ್ತೀರಿ. ಅದರ ಗ್ರಹದ ತ್ರಿಜ್ಯ 600 ಕಿ.ಮೀ. ಮಾತ್ರ, ಕಕ್ಷೆಗೆ ಸೆಕೆಂಡಿಗೆ ಸುಮಾರು 3400 ಮೀಟರ್ ವೇಗದ ಬಂಡವಾಳ ಸಾಕು. ಭೂಮಿಯಲ್ಲಿ 9400ರ ಹತ್ತಿರ ಬೇಕು. ಆಟದ ಟ್ಯಾಂಕುಗಳು 1.25, 2.5, 3.75 ಮೀಟರ್ ಅಳತೆಯವು. ಎಲ್‌ವಿಎಂ3ರ 4 ಮೀಟರ್ ಒಡಲಿಗೆ 2.5ರದ್ದು ಹಾಕಿದರೆ ಉಳಿದದ್ದೆಲ್ಲ 0.625 ಪಟ್ಟು. ಕೊಳ್ಳುವುದಾದರೆ ಮೊದಲ ಆವೃತ್ತಿಯನ್ನೇ ಕೊಳ್ಳಿ, ಎರಡನೆಯದು ಪೂರ್ಣಗೊಳ್ಳದೆ ನಿಂತಿದೆ.

ಇಲ್ಲಿ ಆಟ ಕಲಿಸುವ ಒಂದು ಸಂಗತಿ ಕಪಾಟಿನ ಮಾದರಿಗೂ ಬೇಕು. ಬೂಸ್ಟರ್ ಮತ್ತು ನಡುವಿನ ಎಂಜಿನ್ ಎರಡನ್ನೂ ಒಟ್ಟಿಗೆ ಹೊತ್ತಿಸುವಂತೆ ಆಟ ತಾನಾಗಿ ಹೊಂದಿಸುತ್ತದೆ. ಎಲ್‌ವಿಎಂ3 ಹಾಗಲ್ಲ. ನೆಲ ಬಿಡುವುದು ಎರಡು ಎಸ್200ಗಳ ಬಲದಿಂದ ಮಾತ್ರ. ಚಂದ್ರಯಾನ-3ರ ಹಾರಾಟದಲ್ಲಿ ಎಲ್110 ಹೊತ್ತಿದ್ದು ಸುಮಾರು 108ನೇ ಸೆಕೆಂಡಿಗೆ, ಬೂಸ್ಟರ್‌ಗಳು ಕಳಚಿದ್ದು ಸುಮಾರು 127ಕ್ಕೆ. ಆಟದ ಹಂತಗಳ ಪಟ್ಟಿಯಲ್ಲಿ ನಡುವಿನ ಎಂಜಿನ್ನಿನ ಗುರುತನ್ನು ಒಂದು ಮೆಟ್ಟಿಲು ಮೇಲಕ್ಕೆ ಎಳೆಯಿರಿ, ಬೂಸ್ಟರ್ ಕಳಚುವ ಮುನ್ನ ಹೊತ್ತಿಸಿ.

ಹಾಗೆಯೇ ಪೈಪಿನ ಮಾದರಿಯನ್ನು ಮೇಲೇಳುತ್ತಿರುವ ಭಂಗಿಯಲ್ಲಿ ನಿಲ್ಲಿಸುವವರು ಹತ್ತಿಯ ಹೊಗೆ, ಅದರೊಳಗೆ ಹಳದಿ ಎಲ್‌ಇಡಿ ಇಡುತ್ತಾರೆ. ಎರಡು ಬೂಸ್ಟರ್‌ಗಳ ಕೆಳಗೆ ಎರಡು ಗೊಂಚಲು ದೀಪ, ಹತ್ತಿ ಅಲ್ಲಿಂದ ಹೊರಬದಿಗೆ ಹರಡಲಿ. ನಡುವಿನ ವಿಕಾಸ್ ನಾಝಲ್‌ಗಳ ಕೆಳಗೆ ಏನೂ ಇಡಬೇಡಿ. ಆ ಹೊತ್ತಿಗೆ ಅವು ಇನ್ನೂ ಹೊತ್ತಿರುವುದಿಲ್ಲ.